ನೀರು ಕೊಡುವವಳು

ಫೊರಿವಾಳಿಗೆ ಎಲ್ಲದರಲ್ಲೂ ಅನುಮಾನ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಆಡಿಕೊಳ್ಳಲಿ ಬಿಡಿ. ಊರ ಮುಖ್ಯಸ್ಥ ನಾನಾ ಅಗ್ಯೆಮನ್ ಅವರ ಅಂಗಳದಲ್ಲಿ ಬಂದವರಿಗೆ ನೀರು ಕೊಡುವ ಕೆಲಸವನ್ನು ನಲವತ್ತು ವರ್ಷ ಮಾಡಿದವಳು ಅವಳು. ನಮ್ಮ ಪದ್ಧತಿಯಲ್ಲಿ ಯಾರೇ ಬರಲಿ, ಕೂರಿಸಿ ಸೋರೆಬುರುಡೆಯಲ್ಲಿ ನೀರು ಕೊಡಬೇಕು; ಕುಡಿದ ಮೇಲೇ ಮನೆಯವರು 'ಬಂದ ಕಾರಣ?' ಎಂದು ಕೇಳಬೇಕು. ಗಟಗಟ ಕುಡಿದವನು ಹೆಣ್ಣು ಕೇಳಲು ಬಂದವನು, ಬುರುಡೆಯ ಅಂಚು ಒರೆಸುತ್ತ ಕೂತವನು ಜಾಗದ ತಕರಾರಿನವನು. ಅವಳ ಲೆಕ್ಕ ತಪ್ಪಿದ್ದು ಕಡಿಮೆ.

ಚಿನ್ನದ ಗಣಿಯ ಕಂಪನಿ ಊರಿಗೊಂದು ಕೊಳವೆಬಾವಿ ಕೊರೆಸಿಕೊಟ್ಟಾಗ ಜನ ಕುಣಿದಾಡಿದರು. ಫೊರಿವಾ ಕುಣಿಯಲಿಲ್ಲ. ಗಣಿಯ ಗುಂಡಿ ಆಗಲೇ ಅವಳ ಕೋಕೋ ತೋಟದ ಬೆನ್ನಿಗೆ ಬಂದು ನಿಂತಿತ್ತು. ಇನ್ನೊಂದು ಹೆಜ್ಜೆ ಇಟ್ಟರೆ ಅವಳ ಮನೆ, ಅದರಾಚೆ ತಾಯಿಯನ್ನು ಹೂತ ಜಾಗ. ಅದು ಹೋದರೆ ತನಗೆ ಉಳಿಯುವುದೇನು ಎಂಬ ಭಯ ಅವಳಿಗೆ.

"ಪುಕ್ಕಟೆ ಬಾವಿ ಯಾಕೆ ಕೊಡ್ತಾರೆ?"

"ಅದಕ್ಕೆ ಸಾಮಾಜಿಕ ಜವಾಬ್ದಾರಿ ಅಂತಾರವ್ವ," ಎಂದಳು ಮಗಳು ಅದ್ವೊವಾ. "ಫಲಕದ ಮೇಲೆ ಬರೆಸಿದಾರೆ."

"ಜವಾಬ್ದಾರಿ ಇರೋನು ಊರೊಳಗೆ ಕೊರೆಸ್ತಾನೆ. ಮೈಲಿ ಆಚೆ, ಒಂದು ಗುಡಿಸಲೂ ಇಲ್ಲದ ಬೋಳು ಬಯಲಲ್ಲಿ ಯಾರಿಗೆ ಕೊರೆಸಿದ್ದು? ಓತಿಕ್ಯಾತಗಳಿಗಾ?"

"ನೀರು ಅಲ್ಲೇ ಸಿಕ್ತಂತೆ. ನೀನೊಬ್ಬಳು, ಮೊಸರಲ್ಲೂ ಕಲ್ಲು ಹುಡುಕ್ತೀಯ!"

ಉದ್ಘಾಟನೆಯ ದಿನ ಊರಿಗೂರೇ ಆ ಬಯಲಿಗೆ ನಡೆಯಿತು. ಕಂಪನಿಯ ದೊಡ್ಡ ಸಾಹೇಬ ಹೆಂಡ್ರಿಕ್, ಪಟ್ಟಣದ ಗುಮಾಸ್ತನೊಬ್ಬನಿಂದ ನಮ್ಮ ಪದ್ಧತಿಗಳನ್ನೆಲ್ಲ ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದ. ತಾನೇ ಬುರುಡೆ ತುಂಬಿಸಿ, ಗೌರವವೆಂದು ಮೊದಲು ಫೊರಿವಾಳ ಮುಂದೆ ಹಿಡಿದ. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಮನೆಯವರು ನೀರು ಕೊಡ್ತಾರೆ, ಬಂದೋರು ಕುಡೀತಾರೆ. ನಮ್ಮ ನೆಲದಲ್ಲಿ ನಮಗೇ ನೀರು ಕೊಡೋಕೆ ಇವನ್ಯಾರು?"

"ಅಯ್ಯೋ, ಮಾನ ಕಳೀತಾಳಲ್ಲಪ್ಪ ಈ ಮುದುಕಿ!" ಎಂದು ಹೆಂಗಸರು ಗೊಣಗಿದರು. ನಾನಾ ಅವರಿಗೆ ಮುಜುಗರವಾಯಿತು. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ತಾವೇ ಬುರುಡೆ ಇಸಿದುಕೊಂಡು ಕುಡಿದರು.

ಸಾಹೇಬ ಚೀಟಿ ನೋಡಿದ. ಗಂಟಲು ಸರಿಮಾಡಿಕೊಂಡು, ತೊದಲುತ್ತ, ನಮ್ಮ ಭಾಷೆಯಲ್ಲೇ ಕೇಳಿದ: "ಬಂದ ಕಾರಣ ಏನು?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದನ್ನು ಅವರು ನಿಮ್ಮನ್ನ ಕೇಳ್ಬೇಕು, ಸಾರ್!" ಎಂದು ಗುಮಾಸ್ತ ನಾಲಿಗೆ ಕಚ್ಚಿಕೊಂಡ. ನಾನಾ ಅವರ ಪರವಾಗಿ ಮಾತಾಡುವ ಮುದುಕ ಬಾಫೊ ಎಂಥ ಭೂಪ ನೋಡಿ! ಬೇರೆ ಊರುಗಳಿಗೆ ನೆಂಟನಾಗಿ ಹೋಗಿ ಹೋಗಿ ರೂಢಿಯಾದ ಉತ್ತರ ಅವನ ಬಾಯಿಂದ ತಾನಾಗಿ ಉದುರಿತು: "ಕೆಟ್ಟ ಸುದ್ದಿ ಏನಿಲ್ಲ, ನಿಮ್ಮನ್ನೇ ನಂಬ್ಕೊಂಡು ಬಂದಿದೀವಿ."

ನಗು ಇನ್ನೂ ಜೋರಾಯಿತು. ಫೊರಿವಾ ಮಾತ್ರ ನಗಲಿಲ್ಲ.

ಗುಮಾಸ್ತ ಅದನ್ನು ಸಾಹೇಬನಿಗೆ ಅನುವಾದಿಸಿದ. ಸಾಹೇಬನ ಮುಖ ಅರಳಿತು. ಒಳ್ಳೆಯ ಗಳಿಗೆ ಎಂದುಕೊಂಡನೋ ಏನೋ, ಕಾರಿನಿಂದ ದೊಡ್ಡ ನಕಾಶೆ ತರಿಸಿ ಬಾವಿಕಟ್ಟೆಯ ಮೇಲೆ ಹಾಸಿಸಿದ. ನಡುವೆ ಬಾವಿ, ಸುತ್ತ ಸಾಲುಸಾಲಾಗಿ ಪುಟ್ಟ ಚೌಕಗಳು.

"ಇದು ನಿಮ್ಮ ಹೊಸ ಊರು," ಎಂದ ಗುಮಾಸ್ತ, ಯಾರ ಮುಖವನ್ನೂ ನೋಡದೆ. "ಮನೆಗೊಂದು ಮನೆ ಕಟ್ಟಿಸಿಕೊಡ್ತಾರಂತೆ. ಹಳೇ ಊರು ಗಣಿಗೆ ಬೇಕಂತೆ."

ನಗು ನಿಂತುಹೋಯಿತು. ಫೊರಿವಾ ಜನರನ್ನು ತಳ್ಳಿಕೊಂಡು ಮುಂದೆ ಬಂದಳು.

"ಉಗುಳಿಬಿಡಿ ನಾನಾ. ಆ ನೀರು ಉಗುಳಿಬಿಡಿ."

ನಾನಾ ಖಾಲಿ ಬುರುಡೆಯನ್ನು ನೋಡಿದರು.

"ನುಂಗಿ ಆಯ್ತಲ್ಲೇ, ಫೊರಿವಾ."