ಸೂರಮ್ಮತ್ತೆಯ ಹಳದಿ ಹರಳು

ಊರವರೆಲ್ಲ ನಮ್ಮ ಸೂರಮ್ಮತ್ತೆಯನ್ನು ‘ಗಾಜಿನ ಸೂರಮ್ಮ’ ಎಂದೇ ಕರೆಯುತ್ತಾರೆ. ಅವರ ಬಾಯಿಗೆ ಮಣ್ಣು ಹಾಕ! ಮೂವತ್ತು ವರ್ಷದ ಹಿಂದೆ ಕೊಂಡ್ಲಹಳ್ಳಿಯಿಂದ ಆಂಧ್ರದ ಗಡಿಯಾಚೆಗೆ ಕುರಿ ಹೊಡೆದುಕೊಂಡು ಹೋಗಿದ್ದವಳಿಗೆ ಹೊಲದಲ್ಲಿ ಶೇಂಗಾಬೀಜದಷ್ಟು ದೊಡ್ಡ ಹಳದಿ ಹರಳು ಸಿಕ್ಕಿತು. ಮೊದಲ ಮಳೆ ಬಿದ್ದರೆ ಆ ಕಡೆ ಜನ ವಜ್ರ ಹುಡುಕುತ್ತ ಹೊಲಕ್ಕಿಳಿಯುವುದು ವಾಡಿಕೆ. ಇದು ವಜ್ರವೇ ಎಂದು ಅತ್ತೆ ಹಟ ಹಿಡಿದಳು.

ಅವಳ ಗಂಡ ಕೆಂಚಣ್ಣ ಮಾವ ನಮ್ಮ ಕಡೆಯ ಪರೀಕ್ಷೆಯನ್ನೇ ಮಾಡಿದ. ಕುಲುಮೆಯಲ್ಲಿ ಕಬ್ಬಿಣದ ಮೇಲಿಟ್ಟು ಸುತ್ತಿಗೆಯಿಂದ ಒಂದೇಟು! ನಿಜವಾದ ವಜ್ರ ಒಡೆಯುವುದಿಲ್ಲವಂತೆ. ಹರಳು ಎರಡು ಹೋಳಾಯಿತು. “ಗಾಜು ಕಣೇ! ಇದೇನಾರ ವಜ್ರ ಆಗಿದ್ರೆ ಈ ಕೈಯಾಗೆ ಇನ್ನು ಮುದ್ದೆ ಮುಟ್ಟಾಕಿಲ್ಲ” ಎಂದು ಜನರೆದುರು ಆಣೆ ಇಟ್ಟ. ಮಾತಿಗೆ ತಪ್ಪುವ ಆಸಾಮಿಯಲ್ಲ. ಬೀಡಿ ಬಿಟ್ಟೆ ಎಂದವನು ಮತ್ತೆ ಸೇದಲೇ ಇಲ್ಲ. ಅತ್ತೆ ಒಂದು ಹೋಳನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು.

“ಸಾಯೋದ್ರೊಳಗೆ ನಾನು ಸುಳ್ಳುಬುರುಕಿ ಅಲ್ಲ ಅಂತ ಗೊತ್ತಾಗ್ಲಿ ಕಣೇ ಸರಿತಾ” ಎಂದಳು ಹೋದ ತಿಂಗಳು. ಅಣ್ಣನ ಮಗಳು ನಾನಲ್ಲದೆ ಇನ್ಯಾರು ಕರೆದೊಯ್ಯಬೇಕು? ಚಳ್ಳಕೆರೆಯಲ್ಲಿ ಹರಳು ಪರೀಕ್ಷಿಸುವ ಮಲ್ಲಿಕ್ ಅವರ ಅಂಗಡಿಗೆ ಹೋದೆವು.

ಅವರು ಮಸೂರದಲ್ಲಿ ಬಹಳ ಹೊತ್ತು ನೋಡಿದರು. “ವಜ್ರ ಕಣಮ್ಮಾ. ಗಟ್ಟಿ ಅಂದ್ರೆ ಗೀರು ಬೀಳಲ್ಲ ಅಂತ, ಒಡೆಯಲ್ಲ ಅಂತಲ್ಲ. ಪದರದ ದಿಕ್ಕಿಗೆ ಏಟು ಬಿದ್ರೆ ಸೀಳ್ತೈತೆ.”

“ಹಳದಿ ಯಾಕೈತೆ ಮತ್ತೆ?” ಎಂದಳು ಅತ್ತೆ.

“ಭೂಮಿಯಾಳದಾಗೆ ಇಂಗಾಲದ ಕಣಗಳು ಸಾಲಾಗಿ ಕೂತು ವಜ್ರ ಬೆಳೀತೈತೆ. ನಡುವೆ ಸಾರಜನಕದ ಕಣ ಸೇರ್ಕೊಂಡ್ರೆ ಹಳದಿ. ಬಿಸಿ, ಒತ್ತಡಕ್ಕೆ ಪದರ ಜಾರಿದ್ರೆ ಒಳಗೆ ಇಂಥ ಗೆರೆ. ಇವು ಐಬೇ. ಆದ್ರೆ ಗಾಜಿನಾಗೆ ಇಂಥ ಐಬು ಹುಟ್ಟಲ್ಲ.”

ಅತ್ತೆಯ ಕಣ್ಣು ತುಂಬಿತು. ವಾಪಸ್ ಬರುವ ಬಸ್ಸಿನಲ್ಲಿ, ಊರವರ ಮುಖಕ್ಕೆ ಹೊಡೆದಂತೆ ಏನು ಹೇಳಲಿ ಎಂದು ನಾನು ಹಲ್ಲು ಮಸೆಯುತ್ತಿದ್ದೆ. ಅವಳು ಮಾತ್ರ ಕಿಟಕಿಯಾಚೆ ನೋಡುತ್ತಿದ್ದಳು.

ಮನೆಯಲ್ಲಿ ಮಾವ ತಟ್ಟೆ ಮುಂದಿಟ್ಟುಕೊಂಡು, ಮುದ್ದೆ ಮುಟ್ಟದೆ ಕೂತಿದ್ದ. ಬಲಗೈಯನ್ನು ತಟ್ಟೆಯ ಅಂಚಿನ ಮೇಲಿಟ್ಟಿದ್ದ. “ಏನಂದ್ರು?”

ಅತ್ತೆ ಆ ಕೈಯನ್ನು ನೋಡಿದಳು. “ಗಾಜೇ ಅಂತೆ. ಉಣ್ರಿ, ಆರೋಗ್ತೈತೆ.”

ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆದೆ; ಅತ್ತೆ ತೊಡೆ ಚಿವುಟಿದಳು.

ಮಾವ ಮುದ್ದೆ ಮುರಿದ. “ಅವತ್ತೇ ಹೇಳಿರ್ಲಿಲ್ವಾ, ಗಾಜಿನ ಸೂರಮ್ಮ!” ಎಂದು ನಕ್ಕ. ಅತ್ತೆ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.