ಜವರಯ್ಯನ ನೂರು ಪೌಂಡು

ಜವರಯ್ಯ ಯಾರನ್ನೂ ನಂಬುವ ಪೈಕಿ ಅಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಟಿಕೆಟ್ಟನ್ನೂ ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಹುಲ್ಲಹಳ್ಳಿ ರಸ್ತೆಯ ಅಕ್ಕಿ ಗಿರಣಿಯಲ್ಲಿ ಇಪ್ಪತ್ತೇಳು ವರ್ಷ ಬಾಯ್ಲರ್ ಕಾದವನು. ಕುಸುಬಲಕ್ಕಿಗೆ ಭತ್ತ ಬೇಯಿಸುವ ಹಬೆ ಅವನ ಕೈಯಲ್ಲಿತ್ತು. ಆ ಅನುಮಾನದ ಗುಣದಿಂದಲೇ ಅಲ್ಲಿ ಒಂದು ಅನಾಹುತವೂ ಆಗಿರಲಿಲ್ಲ ಅನ್ನಿ.

ತೊಂಬತ್ತಾರರಲ್ಲಿ ಬಾಯ್ಲರ್ ಇನ್‌ಸ್ಪೆಕ್ಟರು ಬಂದು, ಹಬೆಯ ಒತ್ತಡ ತೋರಿಸುವ ಪೌಂಡಿನ ಹಳೇ ಮೀಟರು ಕೀಳಿಸಿ, ಕೆ.ಜಿ.ಯದನ್ನು ಹಾಕಿಸಿದರು. ಹಳೆಯದರಲ್ಲಿ ಕೆಂಪು ಗೆರೆ ನೂರಕ್ಕಿತ್ತು, ಹೊಸದರಲ್ಲಿ ಏಳಕ್ಕೆ. ಪಕ್ಕದಲ್ಲೇ ಬೋರ್ಡು: 'ಏಳು ಕೆ.ಜಿ. ಮೀರಬಾರದು.'

ನೂರು ಪೌಂಡಿಗೆ ಏಳೇ ಕೆ.ಜಿ.ಯೆ? ಜವರಯ್ಯನಿಗೆ ಮೈ ಉರಿಯಿತು. ಸಂತೆಯಲ್ಲಿ ತೂಗಿದರೆ ನಲವತ್ತೈದು ಬರಬೇಕು!

"ಪೌಂಡು ಒಂದು ಚದರ ಅಂಗುಲ ಜಾಗದ ಮೇಲಿನ ಒತ್ತಡ, ಕೆ.ಜಿ. ಒಂದು ಚದರ ಸೆಂಟಿಮೀಟರ್ ಜಾಗದ್ದು. ಜಾಗವೇ ಚಿಕ್ಕದಾಯ್ತು ಕಣಯ್ಯ, ಒತ್ತಡ ಅದೇ," ಎಂದರು ಮ್ಯಾನೇಜರ್ ಮಹಾದೇವಸ್ವಾಮಿ. ಅವರ ಮಾತು ನಯವಾದಷ್ಟೂ ಇವನ ಅನುಮಾನ ಬಲಿಯಿತು. ಹಬೆ ಸಾಲದೆ ಭತ್ತ ಅರೆಬೆಂದರೆ ತಪ್ಪು ಯಾರ ತಲೆಗೆ? ಅವರ ಬಾಮೈದ ಬೇರೆ ಕೆಲಸವಿಲ್ಲದೆ, ಇವನ ಕೆಲಸಕ್ಕೇ ಕಾದವನಂತೆ ಗೇಟಿನ ಹತ್ತಿರ ಸುಳಿದಾಡುತ್ತಿದ್ದ.

ಏಳು ಮುಟ್ಟಿದೊಡನೆ ಹಬೆ ಹೊರಬಿಡುವ ಸೇಫ್ಟಿ ವಾಲ್ವು ತೆರೆಯದಂತೆ ಅದರ ಸನ್ನೆಕೋಲಿಗೆ ಒಂದು ಮಧ್ಯಾಹ್ನ ಜವರಯ್ಯ ಕಲ್ಲು ಕಟ್ಟಿ ನೇತುಹಾಕಿದ. ಮುಳ್ಳು ಎಂಟು ದಾಟಿತು, ಒಂಬತ್ತಕ್ಕೆ ಬಂತು. ನಲವತ್ತೈದು ಇನ್ನೂ ಎಷ್ಟೋ ದೂರವಿತ್ತು.

ಅಷ್ಟರಲ್ಲಿ ಹೆಂಡತಿ ಸಾಕಮ್ಮ ಬುತ್ತಿ ತಂದು, ಎಂದಿನಂತೆ ಬಾಯ್ಲರ್ ಕೋಣೆಯ ಗೋಡೆಗೆ ಒರಗಿ ಕುಳಿತಳು.

"ಎದ್ದೋಗಮ್ಮಿ ಅಲ್ಲಿಂದ!"

"ಇಪ್ಪತ್ ವರ್ಸದಿಂದ ಇಲ್ಲೇ ಕುಂತ್ಕತೀನಿ. ಇವತ್ತೇನ್ ಬಂತು?"

ಏನು ಬಂತು? ತನ್ನ ಲೆಕ್ಕ ಸರಿಯಿದ್ದರೆ ಅವಳನ್ನು ಎಬ್ಬಿಸಬೇಕಾಗಿರಲಿಲ್ಲ. ಊರನ್ನೆಲ್ಲ ಅನುಮಾನಿಸಿದವನಿಗೆ ಮೊದಲ ಸಲ ತನ್ನ ಮೇಲೇ ಅನುಮಾನ ಹುಟ್ಟಿತು. ಉದ್ದ ಕೊಕ್ಕೆಯಿಂದ ಕಲ್ಲನ್ನು ಎಳೆದು ಕೆಡವಿದ. ಹಬೆ ಭೋರೆಂದು ನುಗ್ಗಿತು.

ಮಾರನೆಯ ದಿನ, ಮೂಲೆಗೆ ಬಿದ್ದಿದ್ದ ಹಳೇ ಮೀಟರನ್ನು ಪರೀಕ್ಷೆಗೆಂದು ಬಿಟ್ಟಿದ್ದ ಇನ್ನೊಂದು ನಳಿಕೆಗೆ ಕೂರಿಸಿ ಬೆಂಕಿ ಏರಿಸಿದ. ಹೊಸ ಮುಳ್ಳು ಏಳಕ್ಕೆ ಬಂದಾಗ ಹಳೆಯದು ನೂರಕ್ಕೆ ಬಂದಿತ್ತು.

ಆ ಹಳೇ ಮೀಟರನ್ನು ಅವನು ಮತ್ತೆ ಕೀಳಲಿಲ್ಲ. ಎರಡು ಸಾವಿರದ ಮೂರರಲ್ಲಿ ಕೆಲಸ ಬಿಡುವವರೆಗೂ ಎರಡನ್ನೂ ನೋಡುತ್ತಿದ್ದ. ಸಾಕಮ್ಮನನ್ನು ಮಾತ್ರ ಆ ಗೋಡೆಗೆ ಒರಗಲು ಬಿಡಲಿಲ್ಲ. ಯಾಕೆಂದು ಅವಳು ಕೇಳಿದಾಗಲೆಲ್ಲ ಬುತ್ತಿ ಎತ್ತಿಕೊಂಡು ಹೊರಗಿನ ನೆರಳಿಗೆ ನಡೆಯುತ್ತಿದ್ದ.