ಐದನೇ ತೂತಿನ ರಿ

ಬುಧವಾರ ಕ್ಲಿನಿಕ್ಕಿಗೆ ಬಂದ ಪುಟ್ಟರಾಜು ಬಾಯಿ ತೆರೆಯಲಿಲ್ಲ. ಜೇಬಿನಿಂದ ಮೌತ್ ಆರ್ಗನ್ ತೆಗೆದು ನನ್ನ ಟ್ರೇ ಮೇಲಿಟ್ಟ.

"ಡಾಕ್ಟ್ರಕ್ಕ, ಇದ್ರದ್ದೊಂದು ಹಲ್ಲು ಒಸಿ ಉಜ್ಜಿಕೊಡಿ."

(ಹಲ್ಲಿನ ಡಾಕ್ಟರಾದ ಮೇಲೆ ಇಂಥ ಪೇಷೆಂಟ್ ಇದೇ ಮೊದಲು.)

ಪುಟ್ಟರಾಜು ತಿಪ್ಪಸಂದ್ರದ ರೈತ, ನನಗೆ ತಮ್ಮನ ಹಾಗೆ. ಪ್ರತಿ ಭಾನುವಾರ ರಾಮನಗರದಲ್ಲಿ ನಾವೊಂದಷ್ಟು ಜನ ಕ್ರೊಮ್ಯಾಟಿಕ್ ಹಾರ್ಮೋನಿಕಾ ನುಡಿಸುತ್ತೇವೆ. ಅದೇ, ಪಕ್ಕದಲ್ಲಿ ಬಟನ್ ಇರುವ ಮೌತ್ ಆರ್ಗನ್. ಕಲಿಸುವವರು ಶಿವಲಿಂಗಯ್ಯ ಮೇಷ್ಟ್ರು, ರಿಟೈರ್ಡ್ ಡ್ರಿಲ್ ಮಾಸ್ಟರ್. ಸ್ವರಗಿರ ಬರೆಸುವುದಿಲ್ಲ. ಬೋರ್ಡಿನ ಮೇಲೆ ತೂತಿನ ನಂಬರ್ ಅಷ್ಟೇ: 'ನಾಲ್ಕು ಊದು, ಐದು ಎಳೆ.' ಎಲ್ಲರೂ ಒಟ್ಟಿಗೆ ಊದಬೇಕು, ಒಟ್ಟಿಗೆ ಎಳೆಯಬೇಕು. ಥೇಟ್ ಪೆರೇಡ್!

ಪುಟ್ಟರಾಜುಗೆ ಈಚೆಗೆ ನ್ಯುಮೋನಿಯಾ ಆಗಿತ್ತು. ಊದಬಲ್ಲ, ಉದ್ದಕ್ಕೆ ಉಸಿರೆಳೆದರೆ ಕೆಮ್ಮು. ನಮ್ಮ ಟ್ಯೂನ್ ಬಂದು ನಿಲ್ಲುವುದೇ ಉದ್ದನೆಯ ರಿ ಮೇಲೆ. ಐದನೇ ತೂತು, ಎಳೆ. ಪ್ರತಿ ಸಲ ಅಲ್ಲೇ ಕೆಮ್ಮಿದ. ಮಾಗಡಿಯ ಪ್ರೋಗ್ರಾಮಿಗೆ ನೀನು ಬೇಡ ಎಂದುಬಿಟ್ಟರು ಮೇಷ್ಟ್ರು.

"ಊರ್ಗೆಲ್ಲಾ ಹೇಳ್ಬುಟ್ಟಿವ್ನಿ ಅಕ್ಕ. ಈಗ ಕೆಳಗ್ ಕೂತ್ಕಂಡು ಚಪ್ಪಾಳೆ ತಟ್ಲಾ?"

ಉಪಾಯವನ್ನು ಮೊಬೈಲಿನಲ್ಲಿ ಅವನೇ ಹುಡುಕಿದ್ದ. ನಾಲ್ಕನೇ ತೂತು ಊದಿದರೂ ಸ, ಐದನೆಯದು ಊದಿದರೂ ಅದೇ ಸ. ಪಕ್ಕಪಕ್ಕ ಎರಡು ಯಾಕೆ? ಐದನೆಯದರ ಒಳಗಿನ ಹಿತ್ತಾಳೆ ಪಟ್ಟಿಯ (ಅವನು ಹಲ್ಲು ಎಂದದ್ದು ಇದಕ್ಕೇ) ತುದಿ ಉಜ್ಜಿ ತೆಳ್ಳಗಾದರೆ ಸ್ವರ ಏರುತ್ತದೆ, ಸ ಹೋಗಿ ರಿ ಬರುತ್ತದೆ. ಆಮೇಲೆ ಎಳೆಯುವ ಕಾಟವಿಲ್ಲ, ಊದಿದರೆ ಸಾಕು. ಹೀಗೆ ಟ್ಯೂನಿಂಗ್ ಬದಲಿಸಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರಂತೆ.

ಜಾಸ್ತಿ ಉಜ್ಜಿದರೆ ಪಟ್ಟಿ ಮುರಿಯುತ್ತದೆ. ಹಲ್ಸೆಟ್ ನಯ ಮಾಡುವ ಸಣ್ಣ ಅರ ತೆಗೆದುಕೊಂಡೆ. ಒಂದಿಷ್ಟು ಉಜ್ಜುವುದು, ಊದಿಸಿ ನೋಡುವುದು, ಮತ್ತೆ ಉಜ್ಜುವುದು. ಕೊನೆಗೂ ರಿ ಬಂತು.

ಭಾನುವಾರ ಪುಟ್ಟರಾಜು ಕೆಮ್ಮಲೇ ಇಲ್ಲ. ನನಗಂತೂ ಖುಷಿಯೋ ಖುಷಿ. ಆದರೆ ಡ್ರಿಲ್ ಮಾಸ್ಟರ್ ಕಣ್ಣು ಬಿಡುತ್ತದೆಯೇ? ಎಲ್ಲರೂ ಎಳೆಯುವಾಗ ಇವನೊಬ್ಬನ ಕೆನ್ನೆ ಉಬ್ಬಿದೆ! ಕಸಿದುಕೊಂಡು ಊದಿ ನೋಡಿದರು. (ಪುಣ್ಯಕ್ಕೆ, ಒರೆಸಿಕೊಂಡು.)

"ಕೆಟ್ಟೋಗಿದೆ ಕಣಯ್ಯಾ ಇದು."

"ಕೆಟ್ಟಿಲ್ಲ ಸಾ, ನನ್ ಉಸುರ್ಗೆ ಸರ್ಯಾಗೈತೆ."

"ಟ್ಯೂನ್ ಕೆಟ್ಟಿತಾ ಸಾರ್?" ನಾನು ಕೇಳಿದೆ.

"ಟ್ಯೂನ್ ಅಲ್ಲಮ್ಮ, ಶಿಸ್ತು! ಎಲ್ಲರಿಗೂ ಒಂದೇ ಅಳತೆ ಇರಬೇಕು."

ನನಗೆ ರೇಗಿತು. ಮೇಷ್ಟ್ರ ಹಲ್ಸೆಟ್ ಮಾಡಿದವಳು ನಾನು. (ಗುಟ್ಟೇನಲ್ಲ, ಅವರೇ ತೆಗೆದು ತೋರಿಸುತ್ತಾರೆ.) ಇಲ್ಲಿ ಒತ್ತುತ್ತೆ, ಅಲ್ಲಿ ಚುಚ್ಚುತ್ತೆ ಎಂದು ಬಂದಾಗಲೆಲ್ಲ ಇದೇ ಅರದಲ್ಲಿ ಉಜ್ಜಿ ಕೊಟ್ಟಿದ್ದೇನೆ.

"ಒಂದೇ ಅಳತೆ ಅಂದ್ರೆ, ನಿಮ್ಮ ಹಲ್ಸೆಟ್ ಪುಟ್ಟರಾಜುಗೆ ಹಾಕೋಣ್ವಾ ಸಾರ್?"

ಮೇಷ್ಟ್ರು ಮೌತ್ ಆರ್ಗನ್ ವಾಪಸ್ ಕೊಟ್ಟರು. ಸೀಮೆಸುಣ್ಣ ಹಿಡಿದು, 'ಐದು ಎಳೆ' ಪಕ್ಕದಲ್ಲಿ ಸಣ್ಣದಾಗಿ ಬರೆದರು: 'ಪುಟ್ಟರಾಜು ಊದು.'

ಬೋರ್ಡಿನಲ್ಲಿ ಅಷ್ಟು ಜಾಗ ಮೊದಲಿಂದಲೂ ಇತ್ತಲ್ಲವೇ?